ಮ್ಯಾರಥಾನ್ ಓಟಕ್ಕೆ ಕೆಲಸಗಾರನ ಸಿದ್ಧತೆ

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಜನವರಿ ತಿಂಗಳ ಒಂದು ಭಾನುವಾರ ಮುಂಬಯಿಯಲ್ಲಿ ಮ್ಯಾರಥಾನ್ ಓಟ ನಡೆಯುತ್ತದೆ. ೨೦೦೪ರಲ್ಲಿ ಮೊದಲಾದ ಈ ಓಟವನ್ನು ನಾವೆಲ್ಲರೂ ಬಲ್ಲೆವು. ಬಲ್ಲೆವು ಎಂದರೆ, ಓಡಿ ಬಂದವರ ಹಸಿವನ್ನು ಬಲ್ಲೆವು. ಅಂದು ಬೆಳಿಗ್ಗೆ ನಮ್ಮ ಹೋಟೆಲುಗಳಲ್ಲಿ ಇಡ್ಲಿಪಾತ್ರೆಗೆ ಬಿಡುವಿಲ್ಲ, ಚಹಾದ ಪಾತ್ರೆ ಒಲೆಯಿಂದ ಇಳಿಯುವುದಿಲ್ಲ. ಆದರೆ ಈಚೆಗೆ ನಮ್ಮ ತರುಣ ಸದಸ್ಯರಲ್ಲಿ ಕೆಲವರು, "ನಾವೂ ಏಕೆ ಓಡಬಾರದು?" ಎಂದು ಕೇಳತೊಡಗಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಸರಿ. ಅದಕ್ಕೆ ಉತ್ತರವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದಾರೆ.

ನನ್ನ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಓಟಕ್ಕೆ ಬೇಕಾದ ಕಷ್ಟಸಹಿಷ್ಣುತೆ ನಮ್ಮಲ್ಲಿ ಸಾಕಷ್ಟಿದೆ. ನಮಗೆ ಕೊರತೆ ಇರುವುದು ವಿಶ್ರಾಂತಿಯದು. ವಿಶ್ರಾಂತಿಯನ್ನು ಲೆಕ್ಕಕ್ಕೆ ಹಿಡಿಯದೆ ಬರಿಯ ಛಲದಿಂದ ಹೊರಟವನು ಓಟವನ್ನು ಕಳೆದುಕೊಳ್ಳುತ್ತಾನೆ. ಕಾಲು ಕೆಟ್ಟರೆ ಕೂಲಿಯನ್ನೂ ಕಳೆದುಕೊಳ್ಳುತ್ತಾನೆ.

ಇದು ಯಾರ ಓಟ?

"ಇದೆಲ್ಲ ಆಫೀಸಿನವರ, ದುಡ್ಡಿದ್ದವರ ಆಟ" ಎಂದು ಹೇಳುವವರುಂಟು. ಬೆಲೆಬಾಳುವ ಬೂಟು, ಕೈಗಡಿಯಾರ, ಪ್ರವೇಶ ಶುಲ್ಕ ಇವನ್ನು ನೋಡಿದರೆ ಹಾಗೆ ತೋರುವುದು ಸಹಜ. ಆದರೆ ಈ ಓಟದ ಚರಿತ್ರೆಯನ್ನು ಕೇಳಿ. ೧೮೯೬ರಲ್ಲಿ ಅಥೆನ್ಸ್ ನಗರದ ಮೊದಲನೆಯ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಗೆದ್ದವನು ಸ್ಪಿರಿಡಾನ್ ಲೂಯಿಸ್. ಆತ ನೀರು ಹೊತ್ತು ಮಾರುತ್ತಿದ್ದ ಬಡವ. ೧೯೦೪ರಲ್ಲಿ ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಗೆದ್ದ ಥಾಮಸ್ ಹಿಕ್ಸ್ ಹಿತ್ತಾಳೆ ಕೆಲಸದವನು. ೧೯೦೮ರಲ್ಲಿ ಲಂಡನ್ನಿನಲ್ಲಿ ಎಲ್ಲರಿಗಿಂತ ಮುಂದೆ ಓಡಿದ ಇಟಲಿಯ ಡೊರಾಂಡೊ ಪಿಯೆಟ್ರಿ ಮಿಠಾಯಿ ಅಂಗಡಿಯ ಕೆಲಸಗಾರ, ಅಂದರೆ ನಮ್ಮವನೇ. ೧೯೫೨ರಲ್ಲಿ ಹೆಲ್ಸಿಂಕಿಯಲ್ಲಿ ತನ್ನ ಜೀವನದ ಮೊದಲ ಮ್ಯಾರಥಾನನ್ನೇ ಗೆದ್ದ ಎಮಿಲ್ ಝಾಟೊಪೆಕ್ ಹುಡುಗನಾಗಿದ್ದಾಗ ಝ್ಲೀನ್ ಪಟ್ಟಣದ ಬಾಟಾ ಬೂಟಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ.

ನಮ್ಮ ನಾಡಿನವರೂ ಇದ್ದಾರೆ. ಪುಣೆಯ ಡೆಕ್ಕನ್ ಜಿಮಖಾನಾದ ಸ್ಪರ್ಧೆಗಳಲ್ಲಿ ಹಳ್ಳಿಯ ರೈತರು ಬರಿಗಾಲಲ್ಲಿ ಓಡುವುದನ್ನು ಕಂಡು ದೊರಾಬ್ಜಿ ಟಾಟಾ ಅವರು ಮುತುವರ್ಜಿ ವಹಿಸಿದ ಫಲವಾಗಿ ೧೯೨೦ರಲ್ಲಿ ಭಾರತದ ತಂಡವೊಂದು ಬೆಲ್ಜಿಯಂನ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋಯಿತು. ಆ ತಂಡದಲ್ಲಿ ಮ್ಯಾರಥಾನ್ ಓಡಿದವರಲ್ಲಿ ಒಬ್ಬರು ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ. ಅಲ್ಲಿಯ ದಾರಿ ಈಗಿನದಕ್ಕಿಂತ ಉದ್ದ, ೪೨.೭೫ ಕಿಲೋಮೀಟರು. ಅದನ್ನು ಅವರು ೨ ಗಂಟೆ ೫೦ ನಿಮಿಷ ೪೫ ಸೆಕೆಂಡುಗಳಲ್ಲಿ ಮುಗಿಸಿ ೧೯ನೆಯವರಾದರು. ಬೆಳಗಾವಿ, ವಿಜಾಪುರದ ಕಡೆಯಿಂದ ಗಿರಣಿಗೆಂದು ಬಂದವರ ಮಕ್ಕಳು ಈ ಹೆಸರನ್ನು ನೆನಪಿಡಬೇಕು.

ಸಹೋದರಿಯರಿಗೂ ಒಂದು ಮಾತು. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಮ್ಯಾರಥಾನ್ ಆರಂಭವಾದದ್ದು ೧೯೮೪ರಲ್ಲಿ. ಹೆಂಗಸರ ದೇಹ ಇಷ್ಟು ದೂರವನ್ನು ತಾಳಲಾರದೆಂದು ಅಲ್ಲಿಯವರೆಗೆ ಹೇಳುತ್ತ ಬಂದಿದ್ದರು. ಹಗಲೆಲ್ಲ ಹೊರಗೆ ದುಡಿದು ಸಂಜೆ ಮನೆಯಲ್ಲಿ ಎರಡನೆಯ ಪಾಳಿ ನಡೆಸುವವರನ್ನು ಅವರು ಕಂಡಿರಲಿಲ್ಲವೆಂದು ತೋರುತ್ತದೆ.

ನಿಂತ ಕಾಲು, ಓಡುವ ಕಾಲು

"ದಿನಕ್ಕೆ ಹತ್ತು ಗಂಟೆ ಕಾಲಮೇಲೇ ಇರುತ್ತೇವೆ, ನಮಗೆ ಬೇರೆ ತರಬೇತಿ ಏತಕ್ಕೆ?" ಎಂದು ಕೆಲವರು ಕೇಳುತ್ತಾರೆ. ಇಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಗಲ್ಲಾದ ಬಳಿ, ಒಲೆಯ ಮುಂದೆ, ಮಗ್ಗದ ಎದುರು ನಿಂತೇ ಇರುವುದರಿಂದ ರಕ್ತ ಕಾಲಿನ ಕೆಳಭಾಗದಲ್ಲಿ ತಂಗುತ್ತದೆ, ಮೀನಖಂಡ ಬಿಗಿಯುತ್ತದೆ, ಪಾದ ಊದುತ್ತದೆ. ಕಾಲು ದಣಿಯುತ್ತದೆಯೇ ಹೊರತು ಹೃದಯಕ್ಕೂ ಶ್ವಾಸಕೋಶಕ್ಕೂ ಹೇಳಿಕೊಳ್ಳುವಂಥ ವ್ಯಾಯಾಮ ಆಗುವುದಿಲ್ಲ. ನಿಧಾನವಾಗಿ, ಒಂದೇ ಸಮನೆ, ಬಹಳ ಹೊತ್ತು ಓಡಿದಾಗ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಕಳಿಸಲು ಕಲಿಯುತ್ತದೆ. ಸ್ನಾಯುಗಳು ಕೊಬ್ಬನ್ನು ಉರಿಸಿ ಶಕ್ತಿ ಪಡೆಯಲು ಕಲಿಯುತ್ತವೆ. ಈ ಕಲಿಕೆ ನಿಂತಲ್ಲಿ ಬರುವುದಿಲ್ಲ.

ಹಾಗೆಂದು ನಮ್ಮ ದುಡಿಮೆ ಸೊನ್ನೆಯೆಂದು ಎಣಿಸುವಂತೆಯೂ ಇಲ್ಲ. ಆಫೀಸಿನಲ್ಲಿ ಕುಳಿತು ಕೆಲಸ ಮಾಡುವವನು ಬೆಳಿಗ್ಗೆ ಓಡಿ, ಹಗಲೆಲ್ಲ ಕುರ್ಚಿಯಲ್ಲಿ ಕಾಲಿಗೆ ವಿಶ್ರಾಂತಿ ಕೊಡುತ್ತಾನೆ. ನಮಗೆ ಆ ಕುರ್ಚಿ ಇಲ್ಲ. ಪುಸ್ತಕಗಳಲ್ಲಿ ಬರೆದಿರುವ ತರಬೇತಿಯ ಕ್ರಮಗಳು ಬಹುಮಟ್ಟಿಗೆ ಆ ಕುರ್ಚಿಯವನಿಗಾಗಿ ಬರೆದವು. ವಾರಕ್ಕೆ ಆರು ದಿನ ಓಡು ಎಂದು ಅದರಲ್ಲಿದ್ದರೆ ನಾವು ನಾಲ್ಕೇ ದಿನ ಓಡತಕ್ಕದ್ದು. ಹಬ್ಬದ ವಾರ, ಮದುವೆ ಆರ್ಡರಿನ ವಾರ, ಜೊತೆಗಾರನೊಬ್ಬ ಊರಿಗೆ ಹೋಗಿ ಅವನ ಕೆಲಸವೂ ನಮ್ಮ ಮೇಲೆ ಬಿದ್ದ ವಾರ ಮೂರು ದಿನ ಸಾಕು.

ಇಪ್ಪತ್ತು ವಾರಗಳ ಲೆಕ್ಕ

ಮ್ಯಾರಥಾನಿನ ಪೂರ್ಣ ದೂರ ೪೨.೧೯೫ ಕಿಲೋಮೀಟರು. ಈ ವಿಚಿತ್ರ ಅಳತೆ ಬಂದದ್ದು ೧೯೦೮ರ ಲಂಡನ್ ಓಟದಿಂದ. ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದಲ್ಲಿ ರಾಣಿಯ ಆಸನದ ಎದುರು ಮುಗಿಯುವ ಹಾಗೆ ದಾರಿ ಹಾಕಿದ್ದರಿಂದ ಅದು ೨೬ ಮೈಲು ೩೮೫ ಗಜವಾಯಿತು. ೧೯೨೧ರಲ್ಲಿ ಅದೇ ಅಳತೆ ಶಾಶ್ವತವಾಗಿ ನಿಂತಿತು.

ಈಗ ತಡೆಯಿಲ್ಲದೆ ೫ ಕಿಲೋಮೀಟರು ಓಡಬಲ್ಲವನಿಗೆ ಈ ಲೆಕ್ಕ ಹೇಳುತ್ತೇನೆ. ಅಷ್ಟೂ ಆಗದವನು ಮೊದಲ ಎರಡು ತಿಂಗಳು ನಡೆದು ಓಡಿ, ಓಡಿ ನಡೆದು ಅಲ್ಲಿಗೆ ಮುಟ್ಟಲಿ; ಅವನು ಈ ವರ್ಷ ಅರ್ಧ ಮ್ಯಾರಥಾನಿಗೆ, ಅಂದರೆ ೨೧ ಕಿಲೋಮೀಟರಿಗೆ, ತೃಪ್ತನಾದರೆ ಒಳ್ಳೆಯದು. ಮೂವತ್ತೈದು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಉಳ್ಳವರು, ಮನೆತನದಲ್ಲಿ ಹೃದ್ರೋಗ ಇದ್ದವರು ವೈದ್ಯರ ಪರೀಕ್ಷೆಯಾಗದೆ ಒಂದು ಹೆಜ್ಜೆಯೂ ಓಡಬಾರದು. ಇ.ಎಸ್.ಐ. ಕಾರ್ಡು ಇದ್ದವರು ಅದನ್ನು ಪೆಟ್ಟಿಗೆಯ ತಳದಿಂದ ಈಚೆಗೆ ತೆಗೆಯಲಿ.

ಜನವರಿಯ ಓಟಕ್ಕೆ ಸೆಪ್ಟೆಂಬರಿನ ಮೊದಲ ವಾರ ಆರಂಭಿಸಿದರೆ ಸುಮಾರು ಇಪ್ಪತ್ತು ವಾರ ಸಿಗುತ್ತದೆ. ವಾರದಲ್ಲಿ ಮೂರು ದಿನ ಸಣ್ಣ ಓಟ, ಒಂದು ದಿನ ಉದ್ದನೆಯ ಓಟ. ಸಣ್ಣ ಓಟ ೫ರಿಂದ ೮ ಕಿಲೋಮೀಟರು. ಶಿವಾಜಿ ಪಾರ್ಕಿನ ಕಟ್ಟೆಯ ಒಂದು ಸುತ್ತು ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ನರಿಮನ್ ಪಾಯಿಂಟಿನಿಂದ ಚೌಪಾಟಿಗೆ ಹೋಗಿ ಬಂದರೆ ಸುಮಾರು ಆರು. ಗಡಿಯಾರವಿಲ್ಲದೆಯೂ ಲೆಕ್ಕ ಸಿಕ್ಕುತ್ತದೆ.

ಉದ್ದನೆಯ ಓಟ ಹೀಗೆ ಬೆಳೆಯಬೇಕು. ಮೊದಲ ನಾಲ್ಕು ವಾರ ೮, ೧೦, ೧೨, ೧೦. ಮುಂದಿನ ನಾಲ್ಕು ವಾರ ೧೩, ೧೫, ೧೭, ೧೩. ಆಮೇಲೆ ೧೮, ೨೦, ೨೨, ೧೬. ಆಮೇಲೆ ೨೪, ೨೬, ೨೮, ೨೦. ಹದಿನೇಳನೆಯ ವಾರ ೩೦. ಅದೇ ಶಿಖರ. ಹದಿನೆಂಟನೆಯ ವಾರ ೨೦, ಹತ್ತೊಂಬತ್ತನೆಯ ವಾರ ೧೨, ಇಪ್ಪತ್ತನೆಯ ವಾರ ಓಟ. ಪ್ರತಿ ನಾಲ್ಕನೆಯ ವಾರ ದೂರ ಇಳಿದಿರುವುದನ್ನು ಗಮನಿಸಿ. ಏರಿಸುವುದಕ್ಕಿಂತ ಇಳಿಸುವುದು ತರುಣರಿಗೆ ಕಷ್ಟ, "ಮೈಯಲ್ಲಿ ಶಕ್ತಿ ಇದೆ, ಏಕೆ ಬಿಡಲಿ?" ಎನ್ನುತ್ತಾರೆ. ಓಡುವಾಗ ಸ್ನಾಯು ಸವೆಯುತ್ತದೆ, ವಿರಾಮದಲ್ಲಿ ಕೂಡಿಕೊಂಡು ಬಲಿಯುತ್ತದೆ. ಮೂಳೆಗೆ ಸ್ನಾಯುವಿಗಿಂತಲೂ ಹೆಚ್ಚು ಕಾಲ ಬೇಕು. ವಿರಾಮ ಕೊಡದಿದ್ದರೆ ಸವೆದದ್ದು ಸವೆದೇ ಇರುತ್ತದೆ.

ಓಟದ ದಿನಕ್ಕೆ ೪೨ ಬೇಕಾಗಿರುವಾಗ ೩೦ಕ್ಕೇ ನಿಲ್ಲಿಸುವುದೇಕೆ ಎಂಬ ಸಂದೇಹ ಬರುವುದು ನ್ಯಾಯವೇ. ೩೦ರ ಆಚೆ ಓಡಿದರೆ ದೊರೆಯುವ ಲಾಭಕ್ಕಿಂತ ಆಯಾಸ ಹೆಚ್ಚು. ಮರುದಿನ ಪಾಳಿಗೆ ಹೋಗಬೇಕಾದವನಿಗೆ ಅದು ಕೈಗೆಟುಕದ ಸರಕು. ಉಳಿದ ೧೨ ಕಿಲೋಮೀಟರನ್ನು ಇಪ್ಪತ್ತು ವಾರಗಳ ಒಟ್ಟು ದುಡಿಮೆ ಓಡಿಸುತ್ತದೆ.

ವೇಗವೆಷ್ಟು? ಪಕ್ಕದಲ್ಲಿ ಓಡುವವನೊಡನೆ ಪೂರ್ಣ ವಾಕ್ಯಗಳಲ್ಲಿ ಮಾತಾಡಲು ಆಗಬೇಕು. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ತಿಳಿಯಿರಿ. ಕರಾವಳಿಯ ಬಂಧುಗಳು ಕಂಬಳದ ಓಟವನ್ನು ನೋಡಿ ಬೆಳೆದವರು. ಅದು ಕೆಲವೇ ಕ್ಷಣಗಳ ಮಿಂಚು. ಇದು ಹೊಲ ಉಳುವವನ ನಡಿಗೆಯಂಥದು. ಕಿಲೋಮೀಟರಿಗೆ ಏಳೂವರೆ ನಿಮಿಷದಂತೆ ಓಡಿದರೂ ೫ ಗಂಟೆ ೧೬ ನಿಮಿಷಕ್ಕೆ ಮುಗಿಯುತ್ತದೆ. ಮೊದಲ ಸಲದವನಿಗೆ ಅದು ಗೌರವದ ವೇಳೆಯೇ.

ಅನ್ನ ಮತ್ತು ನೀರು

ಅರವತ್ತು ಕಿಲೋ ತೂಕದ ಮನುಷ್ಯ ಒಂದು ಕಿಲೋಮೀಟರು ಓಡಲು ಸುಮಾರು ೬೦ ಕ್ಯಾಲೊರಿ ಬೇಕು. ಪೂರ್ಣ ದೂರಕ್ಕೆ ೨೫೦೦ ಆಯಿತು. ಪಿತ್ತಜನಕಾಂಗದಲ್ಲಿಯೂ ಸ್ನಾಯುಗಳಲ್ಲಿಯೂ ಪಿಷ್ಟದ ರೂಪದಲ್ಲಿ ಕೂಡಿಟ್ಟಿರುವುದು ಹೆಚ್ಚುಕಡಮೆ ೨೦೦೦. ಕೊಬ್ಬೂ ಉರಿಯುತ್ತದೆ, ಆದರೆ ನಿಧಾನವಾಗಿ. ಆದ್ದರಿಂದಲೇ ಅವಸರದಿಂದ ಓಡಿದವನ ದಾಸ್ತಾನು ೩೦, ೩೨ ಕಿಲೋಮೀಟರಿನ ಹೊತ್ತಿಗೆ ಬರಿದಾಗಿ ಕಾಲು ಕಲ್ಲಾಗುತ್ತದೆ. ಡೊರಾಂಡೊ ಪಿಯೆಟ್ರಿಯ ಗತಿ ಅದೇ. ಎಲ್ಲರನ್ನೂ ಹಿಂದೆ ಹಾಕಿ ಕ್ರೀಡಾಂಗಣಕ್ಕೆ ಬಂದವನು ದಿಕ್ಕು ತಪ್ಪಿ ತಿರುಗಿದ, ಮತ್ತೆ ಮತ್ತೆ ಬಿದ್ದ. ಕೊನೆಯ ಕೆಲವು ನೂರು ಗಜಗಳಿಗೆ ಅವನಿಗೆ ಸುಮಾರು ಹತ್ತು ನಿಮಿಷ ಹಿಡಿಯಿತು. ಅಧಿಕಾರಿಗಳು ಹಿಡಿದೆಬ್ಬಿಸಿದ ಕಾರಣ ಬಹುಮಾನವೂ ತಪ್ಪಿತು.

ನಮಗೆ ವಿದೇಶದ ಪುಡಿಗಳು ಬೇಡ. ಅನ್ನ, ಇಡ್ಲಿ, ರಾಗಿ, ಕುಚ್ಚಲಕ್ಕಿಯ ಗಂಜಿ ಇವು ಒಳ್ಳೆಯ ದಾಸ್ತಾನು. ಬೇಳೆ, ಮೊಸರು, ಮೊಟ್ಟೆ ಸ್ನಾಯುವಿನ ದುರಸ್ತಿಗೆ. ಒಂದೂವರೆ ಗಂಟೆಗಿಂತ ಹೆಚ್ಚು ಓಡುವ ದಿನ ಜೇಬಿನಲ್ಲಿ ಬೆಲ್ಲದ ತುಂಡು, ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಇರಲಿ. ಮುಕ್ಕಾಲು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನುವುದನ್ನು ರೂಢಿ ಮಾಡಬೇಕು. ಓಡುತ್ತ ತಿನ್ನುವುದನ್ನು ಹೊಟ್ಟೆಯೂ ಕಲಿಯಬೇಕಾಗುತ್ತದೆ. ನಮ್ಮಲ್ಲಿ ಒಂದು ಕೆಟ್ಟ ಪದ್ಧತಿ ಇದೆ. ಗಿರಾಕಿಗಳಿಗೆಲ್ಲ ಬಡಿಸಿ, ನಾವು ಮೂರು ಗಂಟೆಗೆ ತಣ್ಣಗಾದದ್ದನ್ನು ತಿನ್ನುತ್ತೇವೆ. ನಡುವೆ ಚಹಾದ ಮೇಲೆ ಚಹಾ. ಈ ಇಪ್ಪತ್ತು ವಾರವಾದರೂ ಊಟಕ್ಕೆ ವೇಳೆ ಇರಲಿ.

ನೀರಿನ ವಿಷಯದಲ್ಲಿ ಎರಡು ಕಡೆಯೂ ಅಪಾಯವಿದೆ. ೧೯೦೪ರ ಸೇಂಟ್ ಲೂಯಿಸ್ ಓಟದಲ್ಲಿ ಬಿಸಿಲು, ಧೂಳು. ದಾರಿಯಲ್ಲಿ ನೀರು ಸಿಗುವುದೇ ಅಪರೂಪ. ಹೊರಟವರು ೩೨, ಮುಗಿಸಿದವರು ೧೪. ಗೆದ್ದ ಹಿಕ್ಸನಿಗೆ ಅವನ ಕಡೆಯವರು ನೀರಿನ ಬದಲು ಬ್ರಾಂದಿಯನ್ನೂ ಸ್ಟ್ರಿಕ್ನೀನ್ ಎಂಬ ವಿಷವನ್ನೂ ಕೊಟ್ಟು ಓಡಿಸಿದರು. ಇದು ಒಂದು ತುದಿ. ಬಾಯಾರಿಕೆ ಇಲ್ಲದಿದ್ದರೂ ಲೋಟದ ಮೇಲೆ ಲೋಟ ನೀರು ಕುಡಿಯುವುದು ಇನ್ನೊಂದು ತುದಿ. ರಕ್ತದಲ್ಲಿ ಉಪ್ಪಿನ ಅಂಶ ಕುಗ್ಗಿ ವಾಂತಿ, ತಲೆನೋವು, ಮರವೆ ಬಂದು ಪ್ರಾಣಕ್ಕೂ ಕುತ್ತಾಗಬಹುದು. ಬಾಯಾರಿದಾಗ ಕುಡಿಯಿರಿ, ಉದ್ದನೆಯ ಓಟದಲ್ಲಿ ಉಪ್ಪು ಸಕ್ಕರೆ ಬೆರೆಸಿದ ನಿಂಬೆ ನೀರು ಉತ್ತಮ. ಒಲೆಯ ಮುಂದೆ ದುಡಿಯುವ ಭಟ್ಟರು ಬೆವರು ಸುರಿಸಿಯೇ ಬಂದಿರುತ್ತಾರಾದ್ದರಿಂದ ಓಡುವ ಮೊದಲೇ ಒಂದು ಲೋಟ ಕುಡಿಯಲಿ. ಅಕ್ಟೋಬರಿನ ಸೆಖೆಯಲ್ಲಿ ಸೂರ್ಯ ಏರುವ ಮುಂಚೆಯೇ ಓಟ ಮುಗಿಯಬೇಕು.

ಪಾದದ ಕಾಳಜಿ

೧೯೬೦ರಲ್ಲಿ ರೋಮ್ ನಗರದಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲ ಬರಿಗಾಲಲ್ಲಿ ಓಡಿ ಗೆದ್ದ. ನಮ್ಮ ಶಿವನಾಥ ಸಿಂಗರೂ ಬರಿಗಾಲಿನ ಓಟಕ್ಕೆ ಹೆಸರಾದವರು. ೧೯೭೮ರಲ್ಲಿ ಜಾಲಂಧರದಲ್ಲಿ ಅವರು ಓಡಿದ ೨ ಗಂಟೆ ೧೨ ನಿಮಿಷದ ವೇಳೆಯನ್ನು ನಾಲ್ಕು ದಶಕ ಕಳೆದರೂ ಯಾವ ಭಾರತೀಯನೂ ಮುರಿಯಲಿಲ್ಲ. ಅವರನ್ನು ಗೌರವಿಸೋಣ, ಅನುಕರಿಸುವುದು ಬೇಡ. ಅವರ ಪಾದಗಳು ಚಿಕ್ಕಂದಿನಿಂದ ಅದಕ್ಕೆ ಒಗ್ಗಿದ್ದವು. ಮುಂಬಯಿಯ ಕಾಂಕ್ರೀಟು ರಸ್ತೆ, ಗಾಜಿನ ಚೂರು ಬೇರೆಯ ಮಾತು. ಒಂದು ಜೊತೆ ಓಟದ ಬೂಟಿಗೆ ಮಾತ್ರ ಹಣ ಹಾಕಿ, ಉಳಿದ ಆಡಂಬರ ಬಿಡಿ. ಸಂಜೆಯ ಹೊತ್ತು ಪಾದ ಊದಿರುವಾಗ ಹೋಗಿ ಕೊಳ್ಳಿ. ಬೆರಳಿನ ಮುಂದೆ ಹೆಬ್ಬೆರಳಗಲ ಜಾಗವಿರಲಿ. ಆ ಬೂಟನ್ನು ಕೆಲಸಕ್ಕೆ ತೊಡಬಾರದು. ಅಡಿಗೆಮನೆಯ ನೀರು ಎಣ್ಣೆ ತಗಲಿದರೆ ಬೇಗ ಹಾಳು. ಮಳೆಯಲ್ಲಿ ನೆನೆದರೆ ಒಳಗೆ ಹಳೆಯ ಪತ್ರಿಕೆ ತುರುಕಿ ಒಣಗಿಸಿ. ಬೆರಳ ಸಂದಿಗೂ ತೊಡೆಗೂ ತೆಂಗಿನೆಣ್ಣೆ ಸವರಿದರೆ ಉಜ್ಜಿ ಗಾಯವಾಗುವುದು ತಪ್ಪುತ್ತದೆ.

ಮೈಯೆಲ್ಲ ಹರಡಿದ ಮಂದ ನೋವು ಎರಡು ದಿನದಲ್ಲಿ ಹೋಗುತ್ತದೆ, ಅದಕ್ಕೆ ಅಂಜಬೇಕಿಲ್ಲ. ಆದರೆ ಒಂದೇ ಕಡೆ, ಬೆರಳಿಟ್ಟು ತೋರಿಸಬಹುದಾದ ನೋವು, ಅದರಲ್ಲೂ ಮೊಣಕಾಲಿನ ಕೆಳಗಿನ ಮೂಳೆಯ ಮೇಲಿನದು, ದಿನೇ ದಿನೇ ಹೆಚ್ಚಾದರೆ ಓಟವನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮೂಳೆಯಲ್ಲಿ ಕೂದಲೆಳೆಯ ಬಿರುಕು ಹೀಗೆಯೇ ಆರಂಭವಾಗುತ್ತದೆ. ನೋವಿನ ಗುಳಿಗೆ ನುಂಗಿ ಓಡುವುದು ಸರ್ವಥಾ ಕೂಡದು. ಬೆವರಿ ನೀರು ಕುಗ್ಗಿದ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಕೇಡು. ಎದೆ ಹಿಡಿದರೆ, ಕಣ್ಣು ಕತ್ತಲಿಟ್ಟರೆ ಅಲ್ಲೇ ನಿಲ್ಲಿ, ಸಹಾಯ ಕೇಳಿ. ದಿನಗೂಲಿಯವನಿಗೆ ಕಾಲೇ ಬಂಡವಾಳ. ಒಂದು ಪದಕಕ್ಕಾಗಿ ಅದನ್ನು ಒತ್ತೆ ಇಡಬಾರದು.

ವಾರದ ರಜೆ

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ರಾತ್ರಿ ಹನ್ನೆರಡಕ್ಕೆ ಹೋಟೆಲು ಮುಚ್ಚಿ, ತೊಳೆದು, ಒಂದು ಗಂಟೆಗೆ ಹಾಸಿಗೆ ಬಿಚ್ಚುವವನು ಐದಕ್ಕೆ ಎದ್ದು ಓಡಿದರೆ ಅದು ತರಬೇತಿಯಾಗದು, ದೇಹದಿಂದ ತೆಗೆದ ಕೈಸಾಲವಾಗುತ್ತದೆ. ಐದು ಗಂಟೆಯಾದರೂ ನಿದ್ರೆ ಇಲ್ಲದ ದಿನ ಓಟ ಬಿಡಿ. ರಾತ್ರಿ ಪಾಳಿಯವರು ಏಳೆಂಟು ಗಂಟೆ ಮಲಗಿ ಎದ್ದು ಸಂಜೆ ಓಡಲಿ. ಬೆಳಗಿನ ಪಾಳಿಯವರೂ ಸಂಜೆಯ ಬಿಡುವಿನಲ್ಲಿ ಓಡಲಿ. ಉದ್ದನೆಯ ಓಟ ರಜೆಯ ದಿನವೇ ಆಗಬೇಕು. ನಸುಕಿನಲ್ಲಿ ಹೊರಟು ಹೊತ್ತೇರುವ ಮೊದಲು ಮುಗಿಸಿ, ಉಂಡು, ಮಧ್ಯಾಹ್ನವೆಲ್ಲ ಕಾಲು ಗೋಡೆಗೆ ಎತ್ತಿ ಮಲಗತಕ್ಕದ್ದು. ಮರುದಿನ ಕೆಲಸ ಮಾತ್ರ, ಓಟವಿಲ್ಲ.

ಆ ರಜೆ ನಮ್ಮ ಕೈಯಲ್ಲಿ ಇದೆಯೇ? ವಾರಕ್ಕೊಂದು ದಿನದ ರಜೆ ಈ ಊರಿನ ಗಿರಣಿ ಕೆಲಸಗಾರರಿಗೆ ತಾನಾಗಿ ಬಂದುದಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು ಕೆಲಸಗಾರರನ್ನು ಕೂಡಿಸಿ, ಅರ್ಜಿಯ ಮೇಲೆ ಅರ್ಜಿ ಕೊಟ್ಟು, ಸಭೆ ನಡೆಸಿದ ಮೇಲೆ ೧೮೯೦ರ ಜೂನ್ ೧೦ರಂದು ಗಿರಣಿ ಮಾಲಿಕರು ಭಾನುವಾರದ ರಜೆಯನ್ನು ಒಪ್ಪಿಕೊಂಡರು. ೧೯೮೨ರ ದೊಡ್ಡ ಮುಷ್ಕರದ ನಂತರ ಆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಭೋಂಗಾ ನಿಂತಿತು, ರಜೆಯ ಹಕ್ಕು ನಿಂತಿಲ್ಲ, ಕಾನೂನಿನಲ್ಲಿ ಇದ್ದೇ ಇದೆ. ಆದರೂ ನಮ್ಮ ಹೋಟೆಲುಗಳಲ್ಲಿ ರಜೆಗೆ ಬದಲಾಗಿ ಕೂಲಿ ಪಡೆಯುವವರು ಎಷ್ಟೋ ಮಂದಿ. ರಜೆಗಳನ್ನೆಲ್ಲ ಕೂಡಿಸಿಟ್ಟು ಊರಿನ ಜಾತ್ರೆಗೋ ಮದುವೆಗೋ ಒಮ್ಮೆಲೇ ಹೋಗುವವರೂ ಇದ್ದಾರೆ. ಅವರ ಕಷ್ಟ ನನಗೆ ತಿಳಿಯದ್ದಲ್ಲ. ಮನೆಗೆ ಹಣ ಹೋಗಬೇಕು, ಹೆತ್ತವರ ಮುಖ ನೋಡಬೇಕು. ಆದರೆ ವರ್ಷವೆಲ್ಲ ಒಂದು ದಿನವೂ ಮೈ ಚೆಲ್ಲಿ ಮಲಗದವನು ಓಟಕ್ಕೆ ಹೆಸರು ಕೊಡುವುದು ಬೇಡವೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಮೊದಲು ವಾರದ ರಜೆಯನ್ನು ಕೇಳಿ ಪಡೆಯಲಿ. ಓಡದಿದ್ದರೂ ಅದು ಅವನ ಆರೋಗ್ಯಕ್ಕೆ ಬೇಕು.

ಓಟದ ದಿನ ಭಾನುವಾರ. ನಮ್ಮ ವ್ಯಾಪಾರಕ್ಕೆ ಅತಿ ಹೆಚ್ಚು ಗಡಿಬಿಡಿಯ ದಿನ. ಆದ್ದರಿಂದ ತಿಂಗಳ ಮೊದಲೇ ಮಾಲಿಕರಿಗೆ ಬರೆದು ತಿಳಿಸಬೇಕು, ಬದಲಿ ಆಳನ್ನು ಗೊತ್ತುಮಾಡಬೇಕು. ನಿಮ್ಮ ಬದಲು ನಿಂತ ಜೊತೆಗಾರನ ಉಪಕಾರವನ್ನು ಮುಂದೆ ಅವನ ರಜೆಯ ದಿನ ತೀರಿಸಬೇಕು. ಗಿರಣಿಯ ಹಿರಿಯರಿಗೆ 'ಬದಲಿ' ಎಂಬ ಶಬ್ದದ ಬೆಲೆ ಗೊತ್ತು.

ಕೊನೆಯ ಮೂರು ವಾರ

ಮೂವತ್ತರ ಓಟ ಮುಗಿದ ಮೇಲೆ ಹೊಸದಾಗಿ ಗಳಿಸುವುದೇನೂ ಇಲ್ಲ. ಗಳಿಸಿದ್ದನ್ನು ಕಾಯುವುದು ಮಾತ್ರ. ಆ ವಾರಗಳಲ್ಲಿ ಮೈ ಭಾರವೆನಿಸುತ್ತದೆ, ಇಲ್ಲದ ನೋವು ಕಾಣಿಸುತ್ತದೆ. ಗಾಬರಿ ಬೇಡ. ಹಿಂದಿನ ರಾತ್ರಿ ಅನ್ನ ಸಾರು ಸಾಕು, ಹೊಸ ತಿಂಡಿ ಬೇಡ. ಹೊಸ ಬೂಟು, ಹೊಸ ಬನಿಯನ್ನು ಆ ದಿನ ತೊಡಬಾರದು. ಮೊದಲ ಹತ್ತು ಕಿಲೋಮೀಟರಿನಲ್ಲಿ ಎಲ್ಲರೂ ನಿಮ್ಮನ್ನು ದಾಟಿ ಹೋಗಲಿ. ಈ ಓಟದ ದಾರಿಯಲ್ಲಿ ಬಹು ವರ್ಷಗಳ ಕಾಲ ಮೂವತ್ತೈದು ಕಿಲೋಮೀಟರು ದಾಟಿದ ಮೇಲೆ ಪೆದ್ದರ್ ರೋಡಿನ ಏರು ಬರುತ್ತಿತ್ತು. ಮೊದಲು ಹಾರಿದವರು ಅಲ್ಲಿ ಕಟ್ಟೆ ಹಿಡಿದು ಕುಳಿತಿರುತ್ತಿದ್ದರು. ನಿಧಾನವಾಗಿ ಬಂದವರು ಸದ್ದಿಲ್ಲದೆ ಮುಂದೆ ಹೋಗುತ್ತಿದ್ದರು. ನಡೆಯಬೇಕೆನಿಸಿದರೆ ನಡೆಯಿರಿ, ಅದರಲ್ಲಿ ಅವಮಾನವಿಲ್ಲ.

ಕಡೆಯದಾಗಿ ಸಂಘಕ್ಕೆ ನನ್ನ ಬಿನ್ನಹ. ಮೊದಲನೆಯದು, ಒಂದೇ ದಿನ ರಜೆ ಇರುವವರನ್ನು ಕೂಡಿಸಿ ಉದ್ದನೆಯ ಓಟಕ್ಕೆ ಒಂದೊಂದು ಗುಂಪು ಮಾಡಬೇಕು; ಒಂಟಿಯಾಗಿ ಇಪ್ಪತ್ತು ಕಿಲೋಮೀಟರು ಓಡುವುದು ಬೇಸರ, ಅಪಾಯವೂ ಹೌದು. ಎರಡನೆಯದು, ಬೂಟಿಗೂ ಪ್ರವೇಶ ಶುಲ್ಕಕ್ಕೂ ಕಂತಿನ ಕೈಗಡದ ಏರ್ಪಾಟು ಬೇಕು. ಮೂರನೆಯದು, ಓಡುವವರಿಗೆಲ್ಲ ಮೊದಲೇ ವೈದ್ಯ ಪರೀಕ್ಷೆ. ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು, ಯಾರಿಗೆ ವಾರದ ರಜೆ ಸಿಗುತ್ತಿದೆ, ಯಾರಿಗೆ ಇಲ್ಲ ಎಂಬ ಪಟ್ಟಿ ಸಂಘದ ಕಚೇರಿಯಲ್ಲಿ ಇರಬೇಕು. ಈ ವರ್ಷ ನಮ್ಮಲ್ಲಿ ಹತ್ತು ಮಂದಿ ಮ್ಯಾರಥಾನ್ ಮುಗಿಸಿದರೆ ಸಂತೋಷ. ಅವರ ದೆಸೆಯಿಂದ ನೂರು ಮಂದಿಗೆ ವಾರಕ್ಕೊಂದು ದಿನ ನೆಮ್ಮದಿಯ ನಿದ್ರೆ ದೊರೆತರೆ ಇನ್ನೂ ಹೆಚ್ಚಿನ ಸಂತೋಷ.

 ಹೆಸರು ಕೊಡಬೇಕೆಂದಿರುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳನ್ನು ಕಾಣಿರಿ. ಹೆಸರಿನ ಜೊತೆಗೆ ನಿಮ್ಮ ರಜೆಯ ವಾರವನ್ನೂ ಬರೆಸಿರಿ.